ಬೈಕಂಪಾಡಿಗೆ ವಾರಕ್ಕೆ ಮೂರು ದಿನ

ದೇರೆಬೈಲಿನ ಮನೆಗೆ ಸೊಸೆಯಾಗಿ ಬಂದ ಎರಡು ವರ್ಷಗಳಲ್ಲಿ ಅಕ್ಷಿತಾ ಅತ್ತೆಗೆ ಸುಳ್ಳು ಹೇಳಿದ್ದು ಒಂದೇ ಸಲ. ಅದನ್ನಾದರೂ ನೆಟ್ಟಗೆ ಹೇಳಿದಳೇ, ಅದೂ ಇಲ್ಲ.

ಅವಳಿಗೆ ಬೈಕಂಪಾಡಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕೆಲಸ. ವರ್ಷದಿಂದ ಅದನ್ನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುತ್ತಿದ್ದಳು. ಅದೇ ಹೊತ್ತಿಗೆ ಅತ್ತೆ ದಮಯಂತಿಯೂ ಮೊಣಕಾಲು ನೋವೆಂದು ಮೀನು ಮಾರುಕಟ್ಟೆಯ ವ್ಯಾಪಾರ ಬಿಟ್ಟು ಮನೆ ಸೇರಿದರು. ಹತ್ತಕ್ಕೆ ಚಹಾ, ಹನ್ನೊಂದಕ್ಕೆ ಗೋಳಿಬಜೆ, ಮೀಟಿಂಗಿನ ನಡುವೆ ಕ್ಯಾಮೆರಾದ ಎದುರಿಗೇ ಹುರಿದ ಬಂಗುಡೆ! ಇಷ್ಟು ಸುಖದಲ್ಲಿದ್ದು ಯಾರಾದರೂ ಗೋಳಾಡುತ್ತಾರೆಯೇ? ಅಕ್ಷಿತಾ ಮನಸ್ಸಿನಲ್ಲೇ ಗೋಳಾಡುತ್ತಿದ್ದಳು. ಕುತ್ತಿಗೆ ಹಿಡಿದುಕೊಂಡಿತ್ತು, ಚೂಡಿದಾರ ಬಿಗಿಯಾಗಿತ್ತು. ಬಸ್ಸಿನ ಗದ್ದಲವಿಲ್ಲದೆ, ಊಟದ ಹೊತ್ತಿಗೆ ಗೆಳತಿ ಶೈಮಾಳ ಹರಟೆಯಿಲ್ಲದೆ ದಿನವೆಲ್ಲ ಸಪ್ಪೆಯಾಗಿತ್ತು.

ಮನೆಯೋ, ಆಫೀಸೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಕಂಪನಿ ಕೇಳಿತು. ವಾರಕ್ಕೆ ಮೂರು ದಿನ ಆಫೀಸು ಎಂದು ಅವಳು ಬರೆದು ಕಳುಹಿಸಿಬಿಟ್ಟಳು. ಆದರೆ ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವ ಅತ್ತೆಗೆ ನಿಮ್ಮ ಜೊತೆ ಕೂತು ಸಾಕಾಯಿತು ಎನ್ನುವುದು ಹೇಗೆ?

"ಎಂತ ಮಾಡುದು ಅತ್ತೆ, ಕಂಪನಿಯವರು ಕಡ್ಡಾಯ ಮಾಡಿದ್ದಾರೆ" ಎಂದಳು, ಮುಖ ಬಾಡಿಸಿಕೊಂಡು.

"ಕಡ್ಡಾಯವಾ? ನಿನ್ನನ್ನು ಬಸ್ಸಿನಲ್ಲಿ ಕುಲುಕಿಸ್ಲಿಕ್ಕೆ ಅವರಿಗೆ ಎಂತ ಹಕ್ಕು ಉಂಟು?" ದಮಯಂತಿ ಕೆರಳಿದರು.

ಮರುದಿನ ಅಕ್ಷಿತಾ ಸ್ನಾನಕ್ಕೆ ಹೋಗಿದ್ದಾಗ ಮ್ಯಾನೇಜರ್ ಇಸಿದೋರ್ ಅವರ ಫೋನ್ ಬಂತು. ದಮಯಂತಿ ಎತ್ತಿದವರೇ, ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಪಳಗಿದ ಗಂಟಲಿನಲ್ಲಿ ತರಾಟೆಗೆ ತೆಗೆದುಕೊಂಡರು. ಪಾಪ, ಆ ಮನುಷ್ಯನಿಗೆ ಬಾಯಿ ತೆರೆಯಲು ಎರಡು ನಿಮಿಷ ಬೇಕಾಯಿತು.

"ಅಮ್ಮಾ, ನಾವು ಎಂತದೂ ಮಾಡ್ಲಿಲ್ಲ! ಅಕ್ಷಿತಾ ಅವರೇ ಕೇಳಿದ್ದು. ಯಾವ ಮೂರು ದಿನ ಅಂತ ಕೇಳ್ಲಿಕ್ಕೆ ಫೋನ್ ಮಾಡಿದೆ, ಅಷ್ಟೇ."

ತಲೆ ಒರೆಸಿಕೊಳ್ಳುತ್ತಾ ಬಂದ ಅಕ್ಷಿತಾ ಸ್ಪೀಕರಿನಲ್ಲಿ ಈ ಮಾತು ಕೇಳಿ ಬಾಗಿಲಲ್ಲೇ ನಿಂತಳು. ನಾಚಿಕೆಯಿಂದ ಅವಳ ಕಣ್ಣು ತುಂಬಿತು.

"ತಪ್ಪಾಯ್ತು ಅತ್ತೆ. ನಿಮಗೆ ಬೇಸರ ಆಗ್ತದೆ ಅಂತ..."

ದಮಯಂತಿ ಸೊಂಟಕ್ಕೆ ಕೈಕೊಟ್ಟು ನಗತೊಡಗಿದರು.

"ಮನೆಯಲ್ಲಿ ಒಬ್ಬಳೇ ಕೂತು ನಿನಗೆ ಬೇಸರ ಆಗ್ತದೆ ಅಂತ ನಾನು ಮಾರ್ಕೆಟ್ ಬಿಟ್ಟದ್ದು, ಮಾರಾಯ್ತಿ! ನನ್ನ ಮೊಣಕಾಲಿಗೆ ಎಂತದೂ ಆಗ್ಲಿಲ್ಲ. ಜಗಳ ಮಾಡ್ಲಿಕ್ಕೆ ಜನ ಇಲ್ಲದೆ ನಾಲಗೆಯೇ ತುಕ್ಕು ಹಿಡಿದು ಹೋಯ್ತು."

ಅಕ್ಷಿತಾ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಒಂದು ವರ್ಷದ ಭಾರ ಇಳಿದಂತಾಯಿತು. "ನಿಜ ಹೇಳ್ಬೇಕಾದ್ರೆ, ನನಗೆ ಐದು ದಿನವೂ ಹೋಗ್ಲಿಕ್ಕೆ ಮನಸ್ಸುಂಟು" ಎಂದಳು.

ಇಸಿದೋರ್ ಇನ್ನೂ ಲೈನಿನಲ್ಲೇ ಇದ್ದರು. ದಮಯಂತಿ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಸಾರ್, ಮೂರು ಸಾಕಾಗುದಿಲ್ಲ. ಐದು ಅಂತ ಬರೆಯಿರಿ. ನಾಳೆಯಿಂದ ನಮಗಿಬ್ಬರಿಗೂ ಆಫೀಸು ಉಂಟು."