ಕೇಳಿಸಿಕೊಳ್ಳಲು ಬಂದವಳು

ಗೂಡ್ಸ್ ಆಟೋ ಲಿಂಗಸುಗೂರಿನ ಹೊಸ ಬಡಾವಣೆಯ ಕಡೆ ತಿರುಗಿತು. ಹಿಂದೆ ಎರಡು ಜೋಡಿ ಸ್ಪೀಕರು, ಟಿವಿ ಕೆಳಗೆ ಇಡುವುದೊಂದು, ಸೋಫಾ ಹಿಂದೆ ಇಡುವ ಸಣ್ಣವು, ಸಬ್‌ವೂಫರು, ಆಂಪ್ಲಿಫೈಯರು, ಎಲ್ಲವನ್ನೂ ಹಳೆಯ ಕೌದಿಗಳಲ್ಲಿ ಸುತ್ತಿ ಕಟ್ಟಿದ್ದೆವು. ಮುಂದೆ ಡ್ರೈವರನ ಪಕ್ಕ ನಮ್ಮವರು, ಅಂದರೆ ನನ್ನ ಗಂಡ ಮಾಳಿಂಗರಾಯ. ಅವರ ಪಕ್ಕ ನಾನು, ಗ್ಯಾನಮ್ಮ. ಮಸ್ಕಿಯಲ್ಲಿ ನಮ್ಮದೊಂದು ಸೌಂಡ್ ಅಂಗಡಿ ಇದೆ. ಈಕೆ ಯಾಕೆ ಬಂದಿದ್ದಾಳೆ ಅಂತ ಗಿರಾಕಿಗಳು ಕೇಳಿದರೆ ನಮ್ಮವರು, “ವೈರ್ ಹಿಡಿಯಾಕ ಬಂದಾಳ್ರಿ” ಅನ್ನುತ್ತಾರೆ. ಶುದ್ಧ ಸುಳ್ಳು. ವೈರು ಹಿಡಿಯಲು ಗೋಡೆಗೊಂದು ಮೊಳೆ ಸಾಕು. ನಾನು ಹೋಗುವುದು ಕೇಳಿಸಿಕೊಳ್ಳಲಿಕ್ಕೆ.

ನಮ್ಮವರ ಕಿವಿ ಹೋಗಿವೆ. ಪೂರ್ತಿ ಅಲ್ಲ. ಡೊಳ್ಳು ಕೇಳುತ್ತದೆ, ಲಾರಿ ಕೇಳುತ್ತದೆ, ಎದುರಿಗೆ ನಿಂತು ಮಾತಾಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಸಣ್ಣ ದನಿ ಮಾತ್ರ ಇಲ್ಲವೇ ಇಲ್ಲ. ಕುಕ್ಕರಿನ ಸೀಟಿ, ಫೋನಿನ ಗಂಟೆ, ಗುಬ್ಬಿಗಳ ಗಲಾಟೆ, ಬೆನ್ನ ಹಿಂದಿನಿಂದ ನಾನು ಕೂಗುವ ಕೂಗು, ಇವೆಲ್ಲ ಅವರ ಪಾಲಿಗೆ ಎಂದೋ ನಿಂತುಹೋಗಿವೆ. ಹರೆಯದಲ್ಲಿ ಮದುವೆ ಮೆರವಣಿಗೆಗಳಲ್ಲಿ ಆಳೆತ್ತರದ ಬಾಕ್ಸುಗಳ ಮಗ್ಗುಲಿಗೇ ಕೂತು ಊರೂರು ತಿರುಗಿದ ಫಲ. ಆ ಬಾಕ್ಸುಗಳೇ ನಮಗೆ ಅನ್ನ ಹಾಕಿದವು, ಅವೇ ಈ ಮನುಷ್ಯನ ಕಿವಿ ತಿಂದವು. ಯಾರನ್ನು ಬೈಯಲಿ?

ಇದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಒಂದು ದಿನ, “ಏ ಗ್ಯಾನಾ, ನಿನ್ನ ಕಿವಿ ಚುರುಕು ಅದಾವ. ನಾಳಿಂದ ನೀನೂ ಬಾ” ಅಂದರು, ಅಷ್ಟೇ. ಯಾಕೆ ಅಂತ ನಾನು ಕೇಳಲಿಲ್ಲ. ಅವತ್ತಿನಿಂದ ಗಿರಾಕಿಗಳ ಮನೆಯಲ್ಲಿ ಸೋಫಾದ ನಟ್ಟನಡುವೆ, ನಾಳೆ ಆ ಮನೆಯ ಯಜಮಾನ ಕೂರುವ ಜಾಗದಲ್ಲಿ, ನಾನು ಕೂರುತ್ತೇನೆ. ದನಿ ಚುಚ್ಚಿದರೆ ಮೂಗುತಿ ಮುಟ್ಟಿಕೊಳ್ಳುತ್ತೇನೆ, ಅವರು ಟ್ರೆಬಲ್ ಇಳಿಸುತ್ತಾರೆ. ಮಂಕಾದರೆ ಬಳೆ ತಿರುವುತ್ತೇನೆ, ಏರಿಸುತ್ತಾರೆ. ಬಾಸ್, ಅಂದರೆ ಗುಡುಗಿನಂಥ ದಪ್ಪ ದನಿಯ ವಿಷಯದಲ್ಲಿ ನನ್ನ ಹಂಗು ಬೇಕಿಲ್ಲ. ಸಬ್‌ವೂಫರ್ ಮೇಲೆ ಅಂಗೈ ಇಟ್ಟರೆ ಸಾಕು, ಅವರಿಗೆ ಗೊತ್ತಾಗುತ್ತದೆ.

“ಒಮ್ಮೆ ರಾಯಚೂರಿಗೆ ಹೋಗಿ ಡಾಕ್ಟರಿಗೆ ತೋರಸೂಣ್ರಿ” ಅಂತ ನಾನು ಗೋಗರೆದಿದ್ದೆ.

“ತೋರಿಸಿ? ಕಿವ್ಯಾಗ ಮಷಿನ್ ಇಟಗೊಂಡವನ ಕಡೆ ಯಾವ ಸುಡಗಾಡು ಸ್ಪೀಕರ್ ತಗೋತಾನ?” ಅಂದು ತಟ್ಟೆಯ ಮುಂದಿನಿಂದ ಎದ್ದುಹೋಗಿದ್ದರು.

ಅವರ ಮಾತೂ ಸುಳ್ಳಲ್ಲ. ಸೌಂಡಿನವನಿಗೇ ಸೌಂಡ್ ಕೇಳಿಸುವುದಿಲ್ಲ ಅಂತ ಒಬ್ಬರ ಬಾಯಿಗೆ ಬಿದ್ದರೆ ಮುಗಿಯಿತು. ಕುರುಡನ ಕೈಗೆ ಕನ್ನಡಿ ಕೊಟ್ಟಂಗಾತು ಅಂತ ಮಸ್ಕಿಯ ಚಹದಂಗಡಿಗಳಲ್ಲಿ ಕೂತು ನಗುತ್ತಾರೆ. ನಮಗೆ ಮಾಲು ಕೊಡುವ ಸಿಂಧನೂರಿನ ಅಸದ್ ಮೊನ್ನೆ, “ಏನ್ ಮಾಳಿಂಗಣ್ಣಾ, ಬೆನ್ನ ಹಿಂದ ನಿಂತು ಹಾರ್ನ್ ಹೊಡದ್ರೂ ತಿರುಗಿ ನೋಡಂಗಿಲ್ಲ?” ಅಂತ ನಕ್ಕಿದ್ದ. ಅವನು ಚೇಷ್ಟೆಗೆ ಅಂದಿರಬಹುದು. ನಾನು ಮಾತ್ರ ಅವತ್ತು ಮನೆ ಮುಟ್ಟುವ ತನಕ ನಮ್ಮವರ ಬೆನ್ನಿಗೇ ನಡೆದೆ.

ಲಿಂಗಸುಗೂರಿನ ಗಿರಾಕಿ ಲಕ್ಷ್ಮಣ ಅನ್ನುವವರು, ತಾಲ್ಲೂಕು ಕಚೇರಿಯಲ್ಲಿ ನೌಕರಿ. ಹೊಸ ಮನೆ, ಕಾಲು ಜಾರುವಂಥ ಟೈಲ್ಸು. ಹಾಲ್‌ನ ಗೋಡೆಗೆ ಬಾಬಾಸಾಹೇಬರ ದೊಡ್ಡ ಫೋಟೊ, ಅದರ ಕೆಳಗೆ ಬಿಳಿಯ ಬುದ್ಧ. ಹೆಂಡತಿ ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿ ಅವರೂ ಅವರ ತಾಯಿ ಯಂಕಮ್ಮನೂ ಇಬ್ಬರೇ. ಲಕ್ಷ್ಮಣ ಒಳ್ಳೆಯ ಮನುಷ್ಯ, ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದರು.

“ಎರಡೂ ಜೋಡಿ ಹಚ್ಚಿ ತೋರಸ್ರಿ. ಮುಂದ ಯಾವುದು ಇಡಬೇಕು ಅಂತ ನೀವ ಹೇಳ್ಬೇಕು. ನಿಮ್ಮ ಕಿವಿ ಮ್ಯಾಲ ಬಿಟ್ಟೀನಿ” ಅಂದರು.

“ಚಿಂತಿ ಬಿಡ್ರಿ ಸರ್” ಅಂದರು ನಮ್ಮವರು, ಲಕ್ಷ್ಮಣರ ತುಟಿಯ ಮೇಲಿಟ್ಟ ಕಣ್ಣು ತೆಗೆಯದೆ.

ಕೆಲಸವೇನೋ ಸಲೀಸಾಗಿ ಸಾಗಿತು. ಮಾತಿನ ದನಿ ಬರುವ ಸ್ಪೀಕರು ಟಿವಿಯ ಕೆಳಗೆ ಕೂತಿತು. ಸಣ್ಣವೆರಡು ಸೋಫಾದ ಹಿಂದಿನ ಗೋಡೆಗೆ, ಕೂತವರ ಕಿವಿಗಿಂತ ತುಸು ಮೇಲೆ ಏರಿದವು. ಸಬ್‌ವೂಫರನ್ನು ಲಕ್ಷ್ಮಣ ಹೇಳಿದಂತೆ ಮೂಲೆಯಲ್ಲಿಟ್ಟಾಗ ಮನೆಯೆಲ್ಲ ಗುಂಯ್ ಅಂದಿತು. ನಮ್ಮವರು ಮಂಡಿಯೂರಿ, ಅದರ ನೆತ್ತಿಗೆ ಅಂಗೈ ಇಟ್ಟು, ಕೂಸನ್ನು ಸರಿಸಿ ಮಲಗಿಸುವಂತೆ ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಈಚೆಗೆ ತಂದರು. ಗುಂಯ್ ಹೋಗಿ ದಪ್ ದಪ್ ಅನ್ನುವ ಗಟ್ಟಿ ಪೆಟ್ಟು ಬಂತು. ಲಕ್ಷ್ಮಣರ ಮುಖ ಅರಳಿತು. ನನಗೂ ಹೆಮ್ಮೆಯಾಗದೆ ಇರಲಿಲ್ಲ.

ಮುಂದಿನದು ನನ್ನ ಪಾಳಿ. ಮೊದಲ ಜೋಡಿಯ ಕೆಂಪು ವೈರು ಕೆಂಪಿಗೆ, ಕರಿ ವೈರು ಕರಿಗೆ ಬಿಗಿದು, ನಮ್ಮವರು ತಲೆಯೆತ್ತಿ ನನ್ನ ಕಡೆ ನೋಡಿದರು. ಸೋಫಾದ ನಡುವೆ ನಾನು ಸರಿಯಾಗಿ ಕೂತೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಯಂಕಮ್ಮ ಬಂದು ನಿಂತರು.

“ಬಾರವ್ವಾ ತಂಗಿ. ಗಂಡಸೂರ ಸಪ್ಪಳದಾಗ ಯಾಕ ಕುಂತಿ? ಒಳಗ ಬಾ, ಚಾ ಇಟ್ಟೀನಿ.”

“ಇರ್ಲಿ ಬಿಡ್ರೆವ್ವಾ, ಈಗ ಕುಡದು ಬಂದೀವಿ” ಅಂದುಬಿಟ್ಟೆ.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆ ಮುದುಕಿಯ ಮುಖ ಬಾಡಿಹೋಗಿತ್ತು. ನಮ್ಮ ಕಡೆ ತಾವು ಮೇಲಿನವರು ಅಂದುಕೊಂಡ ಮಂದಿ ದಲಿತರ ಮನೆಯ ನೀರು ಮುಟ್ಟಬಾರದು ಅನ್ನಿಸಿದಾಗ ಹೇಳುವ ಮಾತೇ ಅದು. ಈಗ ಕುಡಿದು ಬಂದೀವಿ. ಬೇಡ ಅನ್ನುವುದಿಲ್ಲ, ಒಲ್ಲೆ ಅನ್ನುವುದಿಲ್ಲ, ನಗುನಗುತ್ತಲೇ ಅನ್ನುತ್ತಾರೆ. ಯಂಕಮ್ಮ ಹುಟ್ಟಿದಾಗಿನಿಂದ ಅದನ್ನು ಎಷ್ಟು ಬಾಯಿಗಳಿಂದ ಕೇಳಿದ್ದರೋ. ನಾನು ಅದನ್ನು ಗಂಡನ ಕಿವಿ ಕಾಯಲು ಅಂದಿದ್ದೆ. ಅದು ಅವರಿಗೆ ಹೇಗೆ ಗೊತ್ತಾಗಬೇಕು?

“ಅಲ್ರೆವ್ವಾ, ಕುಡೀತೀನಿ. ಇಲ್ಲಿಗೇ ಕೊಡ್ರಿ” ಅಂದೆ.

“ಒಗ್ಗರಣಿನೂ ಮಾಡೀನಿ. ಒಳಗ ಕುಂತು ತಿಂತಿಯೇನು?” ಅಂತ ಕೇಳಿದರು. ಕೇಳಿದ ರೀತಿಯಲ್ಲಿ ಒಂದು ಪಂಥವಿತ್ತು.

ಇನ್ನು ಏಳದಿದ್ದರೆ ನಾನು ಮನುಷ್ಯಳೇ ಅಲ್ಲ. ಎದ್ದೆ. ನಮ್ಮವರು ನನ್ನ ಬೆನ್ನು ನೋಡುತ್ತಿದ್ದರು ಅಂತ ತಿರುಗಿ ನೋಡದೆಯೇ ಗೊತ್ತಿತ್ತು.

ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಮಂಡಕ್ಕಿ ಒಗ್ಗರಣೆಯ ತಟ್ಟೆ ಕೊಟ್ಟು, ಯಂಕಮ್ಮ ಎದುರಿಗೇ ಕೂತರು. ನಾನು ಮೊದಲ ತುತ್ತು ಬಾಯಿಗಿಡುವ ತನಕ ನೋಡಿ, ಆಮೇಲೆ ಮಾತು ತೆಗೆದರು. ಮಗ ಗಣಿಯ ಊರು ಹಟ್ಟಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದಿದ್ದು, ಈ ಮನೆ ಕಟ್ಟಿಸಿದ್ದು, ಹಾಡು ಕೇಳುವ ಹುಚ್ಚು ಅವನಿಗೆ ಸಣ್ಣವನಿದ್ದಾಗಿನಿಂದ ಇದ್ದದ್ದು. ನಾನು ಹೂಂ ಹೂಂ ಅನ್ನುತ್ತಾ ಗಬಗಬ ತಿನ್ನುತ್ತಿದ್ದೆ. ಜೀವವೆಲ್ಲ ಆಚೆ ನಮ್ಮವರ ಹತ್ತಿರ ಇತ್ತು.

ಹಾಡು ಶುರುವಾಯಿತು. ಹೆಣ್ಣು ದನಿ. ಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಮೆಲ್ಲಗೆ ಹರಿತವಾಗತೊಡಗಿತು. ಇನ್ನಷ್ಟು ಹರಿತ. ಹಾಡಿನಲ್ಲಿ ‘ಸ’ ಅಕ್ಷರ ಬಂದಲ್ಲೆಲ್ಲ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಚುಂಯ್ ಅನ್ನುತ್ತಿತ್ತು. ಮಂಕಾಗಿದೆ ಅಂದುಕೊಂಡು ನಮ್ಮವರು ಟ್ರೆಬಲ್ ಏರಿಸುತ್ತಿದ್ದರು. ಬೇಡ್ರಿ, ಇಳಿಸ್ರಿ, ನನ್ನಪ್ಪಾ ಇಳಿಸ್ರಿ ಅಂತ ನಾನು ಒಳಗೊಳಗೇ ಬಡಕೊಂಡೆ.

“ಸ್ವಲ್ಪ ಚುಚ್ಚಿದಂಗ ಆಗಾಕತ್ತೈತಲ್ರಿ?” ಲಕ್ಷ್ಮಣರ ದನಿ.

“ಹೌದ್ರಿ ಸರ್” ಅಂದರು ನಮ್ಮವರು. ಅಂದು ಇನ್ನಷ್ಟು ಏರಿಸಿದರು.

ಯಂಕಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ನನಗೆ ಇನ್ನು ಕೂರಲಾಗಲಿಲ್ಲ. ಅರ್ಧ ತಿಂದ ತಟ್ಟೆ, ಮುಟ್ಟದ ಚಹ, ಎರಡನ್ನೂ ಅಲ್ಲೇ ಬಿಟ್ಟು ಎದ್ದೆ.

“ಒಂಚೂರು ಹೊರಗ ಕೆಲಸ ಐತ್ರೆವ್ವಾ, ಈಗ ಬಂದೆ.”

“ಹೋಗವ್ವಾ ಹೋಗು” ಅಂದರು ಯಂಕಮ್ಮ. ಸಿಟ್ಟಿಲ್ಲ, ಏನಿಲ್ಲ. ನನ್ನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. “ಬಾಯಾಗ ಇಟಗೊಂಡಿದ್ದು ಇಳೀಲಿಲ್ಲೇನು? ನನಗ ಇದು ಹೊಸದಲ್ಲ ಬಿಡು. ನನ್ನ ಮಗಗ ಮಾತ್ರ ಹೇಳಬ್ಯಾಡ. ಹೊಸ ಮನ್ಯಾಗ ಎಲ್ಲಾರೂ ಉಣ್ತಾರ ಅಂತ ತಿಳಕೊಂಡಾನ.”

ಅತ್ತ ದರಿ, ಇತ್ತ ಪುಲಿ. ಹಾಗೇ ಹೊರಟರೆ ಗಂಡನ ಗುಟ್ಟು ಉಳಿಯುತ್ತಿತ್ತು. ಆ ತಾಯಿಯ ಎದೆಯ ಮೇಲೆ ಇನ್ನೊಂದು ಬರೆ ಬೀಳುತ್ತಿತ್ತು, ಅದೂ ನನ್ನ ಕೈಯಿಂದ. ಕಾಲು ಬಾಗಿಲ ಕಡೆ, ಕಣ್ಣು ಆ ತಟ್ಟೆಯ ಕಡೆ. ಯಾವ ದೇವರೂ ನೆನಪಿಗೆ ಬರಲಿಲ್ಲ. ಬಗ್ಗಿ ಅವರ ಮುಂಗೈ ಹಿಡಿದುಕೊಂಡೆ. ನಮ್ಮವರ ಜೊತೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ. ಮೇಲೆ ಆ ಹಾಡಿನ ಅಬ್ಬರ ಬೇರೆ. ಅದನ್ನು ಮೀರಿಸಿಯೇ ಅಂದೆ:

“ಯವ್ವಾ, ನೀವು ತಿಳಕೊಂಡಂಗ ಅಲ್ಲ. ನಮ್ಮವರಿಗೆ ಕಿವಿ ಕೇಳಂಗಿಲ್ಲ. ಅದಕ್ಕ ಏಳಾಕತ್ತೀನಿ. ನಾ ಮುಂದ ಇರಲಿಲ್ಲಂದ್ರ ಅವರಿಗೆ ಒಂದೂ ತಿಳಿಯಂಗಿಲ್ಲ.”

ನಾನು ‘ನಮ್ಮವರಿಗೆ’ ಅನ್ನುವಷ್ಟರಲ್ಲಿ ಹಾಡು ನಿಂತಿತ್ತು. ಇನ್ನೊಂದು ಜೋಡಿ ಹಚ್ಚಲು ನಮ್ಮವರು ಆಂಪ್ಲಿಫೈಯರ್ ಬಂದ್ ಮಾಡಿದ್ದರು. ಉಳಿದ ಮಾತೆಲ್ಲ ಆ ಖಾಲಿ ಹೊಸ ಮನೆಯ ಟೈಲ್ಸಿಗೆ ಬಡಿದು, ಹಾಲ್‌ ತುಂಬ ಹೋಗಿ ಬಿತ್ತು.

ಹಿಡಿದ ಕೈ ಬಿಡದೆ, ಯಂಕಮ್ಮನ ಜೊತೆಗೇ ಬಾಗಿಲಿಗೆ ಬಂದು ನೋಡಿದೆ. ಲಕ್ಷ್ಮಣ ಸೋಫಾದಿಂದ ಅರ್ಧ ಎದ್ದು ನನ್ನನ್ನೇ ನೋಡುತ್ತಿದ್ದರು. ಸಾಮಾನು ಇಳಿಸಿ ಹೊಸ್ತಿಲ ಬಳಿ ನಿಂತಿದ್ದ ಆಟೋ ಡ್ರೈವರ್, ನಮ್ಮ ಮಸ್ಕಿಯವನೇ, ಅವನೂ ನೋಡುತ್ತಿದ್ದ. ನಮ್ಮವರು ಒಬ್ಬರೇ ನಮಗೆಲ್ಲ ಬೆನ್ನು ಮಾಡಿ, ಕುಕ್ಕರುಗಾಲಿನಲ್ಲಿ ಕೂತು, ಸ್ಪೀಕರಿನ ಹಿಂದೆ ವೈರು ಬಿಗಿಯುತ್ತಿದ್ದರು.

“ಈಗ ಈ ಜೋಡಿ ನೋಡ್ರಿ ಸರ್” ಅಂದರು ಖುಷಿಯಿಂದ. “ಸೂಜಿ ಬಿದ್ದ ಸಪ್ಪಳಾನೂ ಬಿಡಂಗಿಲ್ಲ.”

ಅವರು ತಮ್ಮ ಪಾಡಿಗೆ ಆಂಪ್ಲಿಫೈಯರ್ ಹಚ್ಚಿ, ಹಾಡು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿದರು. ಆಗ ಲಕ್ಷ್ಮಣ ಮೆಲ್ಲಗೆ ಸುತ್ತಿ ಬಂದು ಅವರ ಎದುರಿಗೆ ಕೂತರು. ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ ಹೇಳಿದರು:

“ಭಾಳ ಚಲೋ ಐತ್ರಿ. ಇದನ್ನ ಇಡ್ರಿ.”

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಅಲ್ಲಿಯವರೆಗೆ ಯಾವ ಗಿರಾಕಿಯೂ ಅವರ ಜೊತೆ ಹಾಗೆ, ಕಿವುಡರ ಜೊತೆ ಮಾತಾಡುವಂತೆ, ಮಾತಾಡಿರಲಿಲ್ಲ. ನಮ್ಮವರು ನಗುತ್ತಿದ್ದವರು ಹಾಗೇ ಲಕ್ಷ್ಮಣರ ಬಾಯಿ ನೋಡಿದರು. ಹೊಸ್ತಿಲಲ್ಲಿದ್ದ ಡ್ರೈವರನ ಮುಖ ನೋಡಿದರು. ಆಮೇಲೆ ತಿರುಗಿ, ಯಂಕಮ್ಮನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.