ಅಡುಗೆಮನೆಯ ವಾಕಿಟಾಕಿ

ಸಿರುಗುಪ್ಪದ ಆ ಅಕ್ಕಿ ಗಿರಣಿಯಲ್ಲಿ ನಾಲ್ಕು ವಾಕಿಟಾಕಿಗಳಿದ್ದವು. ಬಾಯ್ಲರ್ ನೋಡುವ ಹಂಪಯ್ಯನ ಹತ್ತಿರ ಒಂದು, ಲಾರಿ ತೂಗುವ ಕಾಟಾದ ಶರಣನ ಹತ್ತಿರ ಒಂದು, ಮ್ಯಾನೇಜರ್ ಸುಜಯೀಂದ್ರರ ಹತ್ತಿರ ಒಂದು, ಅಡುಗೆಯ ಜಂಬಮ್ಮನ ಹತ್ತಿರ ಒಂದು. ನಾಲ್ಕಕ್ಕೂ ಚಾನೆಲ್ ಒಂದೇ. ಒಬ್ಬರು ಗುಂಡಿ ಒತ್ತಿ ಮಾತಾಡುತ್ತಿದ್ದರೆ ಉಳಿದವರು ಕೇಳುತ್ತ ಕೂಡಬೇಕು.

ಜಂಬಮ್ಮನಿಗೆ ಇದಕ್ಕಿಂತ ದೊಡ್ಡ ವರ ಬೇಕಿರಲಿಲ್ಲ. ಗಂಡ ಬದುಕಿದ್ದಾಗ ಅವಳ ಮಾತಿನ ನಡುವೆ ಎದ್ದು ಹೋಗುತ್ತಿದ್ದ. ಕೊನೆಗೆ ಪೂರ್ತಿಯಾಗಿಯೇ ಎದ್ದು ಹೋದ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಊಟ ಆಯಿತೆಂದು ತಿಳಿಸಲು ಕೊಟ್ಟ ಯಂತ್ರದಲ್ಲಿ ಅವಳು ಸಾರಿನ ಜಾತಕದಿಂದ ಹಿಡಿದು ಬೀಗರ ಮೂಗಿನ ಉದ್ದದವರೆಗೆ ಎಲ್ಲವನ್ನೂ ತಿಳಿಸುತ್ತಿದ್ದಳು.

ಒಂದು ಬೆಳಿಗ್ಗೆ, ಕುರುಗೋಡಿನ ಮದುವೆಯಲ್ಲಿ ತಾನೊಬ್ಬಳೇ ಬೇಯಿಸಿದ ಅನ್ನದ ರಾಶಿ ಬಳ್ಳಾರಿ ಕೋಟೆಯಿಂದಲೂ ಕಾಣುತ್ತಿತ್ತೆಂದು ವರ್ಣಿಸುತ್ತಿದ್ದಾಗ ಬಾಯ್ಲರಿನಲ್ಲಿ ನೀರು ಇಳಿಯತೊಡಗಿತು. ಅದಕ್ಕೆ ನೀರೆತ್ತುವ ಮೋಟಾರಿನ ಸ್ವಿಚ್ಚು ಇದ್ದದ್ದು ಶರಣನ ಪಕ್ಕದಲ್ಲಿ. ಹಂಪಯ್ಯ ಎಷ್ಟು ಕರೆದರೂ ಅವನಿಗೆ ಮುಟ್ಟಲಿಲ್ಲ. ಚಾನೆಲ್ಲಿನ ತುಂಬ ಜಂಬಮ್ಮನ ಅನ್ನವೇ ತುಂಬಿತ್ತು. ಹಂಪಯ್ಯ ಒಲೆಯ ಬೆಂಕಿ ಹೊರಗೆ ಎಳೆದು ಹಾಕಿ, ಭತ್ತದ ಕಣ ದಾಟಿ ಓಡಿಹೋಗಿ ತಾನೇ ಮೋಟಾರು ಹಾಕಿದ. ಸದ್ಯ, ನೀರು ಅಪಾಯದ ಗುರುತಿಗಿಂತ ಕೆಳಗೆ ಹೋಗಿರಲಿಲ್ಲ.

ಸುಜಯೀಂದ್ರರು ಯಂತ್ರ ವಾಪಸ್ಸು ಕೇಳಲು ಬಂದರು. ಕೊಟ್ಟರೆ ಮಾತಾಡಲು ಉಳಿಯುವುದು ಕುಕ್ಕರ್ ಒಂದೇ, ಅದೂ ಎದುರು ಮಾತಾಡುತ್ತದೆ ಎಂದು ಜಂಬಮ್ಮನಿಗೆ ಅಳು ಬಂತು.

"ನನ್ನ ಬಾಯಿ ನನ್ನ ಮಾತೂ ಕೇಳಂಗಿಲ್ರಿ ಸ್ವಾಮೀ," ಎಂದಳು. "ಆದ್ರೂ ಒಂದು ಸಲ ನೋಡ್ರಿ."

ಅವರು ಕಾನೂನು ಮಾಡಿದರು. ಯಾರೇ ಆಗಲಿ, ಒಂದು ಮಾತು ಹೇಳಿ ಗುಂಡಿ ಬಿಡಬೇಕು. ಬಾಯ್ಲರ್ ಕರೆದರೆ ಎಲ್ಲರೂ ಸುಮ್ಮನಾಗಬೇಕು. ಆಮೇಲೆ ಕಾಟಾ. ಎರಡೂ ಸುಮ್ಮನಿದ್ದರೆ ಮಾತ್ರ ಅಡುಗೆಮನೆ.

"ಅನ್ನ ತಡ ಆದ್ರ ಹೊಟ್ಟಿ ಕಾಯ್ತದ ಜಂಬಮ್ಮ, ಬಾಯ್ಲರ್ ಕಾಯಂಗಿಲ್ಲ," ಎಂದರು. ಒಮ್ಮೆ ತಪ್ಪಿದರೂ ಯಂತ್ರ ಹೋಯಿತೆಂದೇ ಲೆಕ್ಕ.

ಮಧ್ಯಾಹ್ನ ಅಡುಗೆ ಇಳಿಯಿತು. ಕಾಟಾದಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಶರಣ ತೂಕ ಕೂಗುತ್ತಿದ್ದ, ನಡುನಡುವೆ ಹಂಪಯ್ಯ ಆವಿಯ ಒತ್ತಡ ಹೇಳುತ್ತಿದ್ದ. ಜಂಬಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಭೂಮಿ ಹುಟ್ಟಿದಾಗಿನಿಂದ ಯಾವ ಹೆಂಗಸೂ ಇಷ್ಟು ಹೊತ್ತು ಬಾಯಿ ಮುಚ್ಚಿರಲಿಕ್ಕಿಲ್ಲ ಎನಿಸಿತು. ನುಂಗಿದ ಮಾತಿಗೇ ಹೊಟ್ಟೆ ತುಂಬಿ ತೇಗು ಬಂತು.

ಕಡೆಗೊಮ್ಮೆ ಇಬ್ಬರ ಮಾತೂ ನಿಂತಿತು. "ಊಟ ಆಗೈತಿ," ಎಂದವಳೇ ಕೆಂಡ ಮುಟ್ಟಿದಂತೆ ಬೆರಳು ತೆಗೆದಳು.

ಯಾರೂ ಅಲುಗಲಿಲ್ಲ. ಉಳಿದದ್ದು ಬರಲಿ ಎಂದು ಕಾಯುತ್ತಿದ್ದರು.

"ಜಂಬಕ್ಕಾ, ಆರಾಮ ಅದೀಯಿಲ್ಲೋ?" ಎಂದು ಹಂಪಯ್ಯ ಕೇಳಿದ. ಜ್ವರ ಬಂದಿದೆಯಾ ಎಂದು ಶರಣ ಕೇಳಿದ. ಉತ್ತರವಾಗಿ ಅವಳ ಬಳಿ ತುಂಗಭದ್ರಾ ಕಾಲುವೆಯಷ್ಟು ಉದ್ದದ ಮಾತಿತ್ತು. ಇಬ್ಬರೂ ಸುಮ್ಮನಾಗುವ ತನಕ ಕಾದಳು.

"ಸಾರು ಆರತೈತಿ, ಬರ್ರಿ."

ಸುಜಯೀಂದ್ರರೇ ಮೊದಲು ಬಂದರು. ಜಂಬಮ್ಮ ಯಂತ್ರವನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಳು. ಅವರು ಕೇಳಿದ್ದು ತಟ್ಟೆ.

ಬಡಿಸುವಾಗ ಗುಂಡಿಯೂ ಇರಲಿಲ್ಲ, ಕಾನೂನೂ ಇರಲಿಲ್ಲ. ಪಾಪ, ಸುಜಯೀಂದ್ರರು ಮಜ್ಜಿಗೆಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.