ಹನ್ನೆರಡು ಶಬ್ದಗಳ ಕೀಲಿಕೈ

ತೀರಿಹೋದ ಅವ್ವನ ಹಾಡು ಕೇಳಬೇಕೆಂದರೆ ಹನ್ನೆರಡು ಶಬ್ದ ಬೇಕಿತ್ತು. ಪ್ರಮಿಳಾಳ ಹತ್ತಿರ ಇದ್ದದ್ದು ಆರೇ. ಅವ್ವ ಗಂಗಾದೇವಿ ಬೀಸುಕಲ್ಲಿನ ಹಾಡುಗಳನ್ನು ಫೋನಿನಲ್ಲಿ ತುಂಬಿಸಿ, ಎಂಥದೋ ಆ್ಯಪಿನೊಳಗೆ ಬೀಗ ಹಾಕಿಟ್ಟಿದ್ದಳು. ಅವಳು ಹೋದ ಮೇಲೆ ಆ ಫೋನೂ ಕೆಟ್ಟುಹೋಯಿತು.

"ಆ್ಯಪ್ ಮಾಡಿದವ್ರ ತಗದು ಕೊಡೂದಿಲ್ಲೇನು?" ಬೆಳಗಾವಿಯ ಮೊಬೈಲ್ ಅಂಗಡಿಯ ವಿನಯನನ್ನು ಕೇಳಿದಳು.

"ಬೀಗ ಅವರದು, ಕೀಲಿಕೈ ನಿಮ್ಮವ್ವಾರದು ರೀ. ಆ ಹನ್ನೆರಡು ಶಬ್ದಾನ ಕೀಲಿಕೈ, ಯಾವ ಫೋನಿನಾಗ ಹಾಕಿದ್ರೂ ತೆರೀತೈತಿ. ಅದರ ನಕಲು ಅವರ ಕಡೆ ಇಲ್ಲ. ಶಬ್ದ ಯಾರ ಕಡೆ ಅದಾವೋ, ಖಾತೆ ಅವರದು."

"ನಾ ಮಗಳದೀನಿ, ಆಧಾರ್ ಕಾರ್ಡ್ ಐತಿ!"

"ಅದಕ್ಕ ಮಗಳೂ ಗೊತ್ತಿಲ್ಲ, ಆಧಾರೂ ಗೊತ್ತಿಲ್ಲ ಅಕ್ಕಾರ."

ಇದೆಂಥ ಬೀಗವಪ್ಪಾ! ಪ್ರಮಿಳಾಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು. ಅವ್ವ ಮಾಡಿದ್ದೂ ಸೋಜಿಗವೇ. ಖಾನಾಪುರದ ಅವಳ ಮಹಿಳಾ ಸಂಘದ ಪೆಟ್ಟಿಗೆಗೆ ಎರಡು ಬೀಗ, ಕೀಲಿಕೈ ಇಬ್ಬರ ಮನೆಯಲ್ಲಿ. ಅದೇ ರೂಢಿಯಂತೆ ಶಬ್ದಗಳನ್ನೂ ಹಂಚಿದ್ದಳು: ಮೊದಲ ಆರು ಮಗಳಿಗೆ, ಉಳಿದವು ಗೆಳತಿ ದಾನೇಶ್ವರಿಗೆ. ಆ ದಾನೇಶ್ವರಿಯ ಜೊತೆ ಪ್ರಮಿಳಾ ಮಾತು ಬಿಟ್ಟಿದ್ದಳು. ಅವ್ವನನ್ನು ಮಣ್ಣು ಮಾಡಿ ಬಂದ ದಿನವೇ ಮುದುಕಿ, "ಅದರಾಗ ಅರ್ಧ ಹಾಡು ನನ್ನವು" ಎಂದಿದ್ದಳು. ಸತ್ತವಳ ಹಾಡಿನಲ್ಲೂ ಪಾಲು ಕೇಳುವುದೇ ಎಂದು ಪ್ರಮಿಳಾ ಬಾಯಿಗೆ ಬಂದಂತೆ ಬೈದಿದ್ದಳು.

ಈಗ ವಿಧಿಯಿಲ್ಲದೆ ಅವಳನ್ನೇ ಕಾಣಲು ಖಾನಾಪುರದ ಬಸ್ಸು ಹತ್ತಿದಳು.

"ಕಾಕು, ನಿಮ್ಮ ಆರು ಶಬ್ದ ಹೇಳ್ರಿ."

"ಹೇಳಂಗಿಲ್ಲ. ಸಂಘದ ಕೀಲಿಕೈ ಯಾರ ಕೈಯಾಗರ ಕೊಡ್ತೀನೇನು? ನಾನ ಹೋಗಿ ತಗೀತೀನಿ. ಇದೂ ಹಂಗ. ತಾ ಇಲ್ಲೆ ಫೋನು. ನೀ ಅತ್ಲಾಗ ಹೊಳ್ಳು."

ಪ್ರಮಿಳಾ ತನ್ನ ಫೋನಿನಲ್ಲಿ ಆ ಆ್ಯಪ್ ತೆರೆದು, ತನ್ನ ಆರು ಶಬ್ದ ಹಾಕಿ ಅವಳಿಗೆ ಕೊಟ್ಟು, ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಮುದುಕಿ ಸೆರಗು ಮರೆ ಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಬೀಗ ತೆರೆಯಿತು.

ಮೊದಲು ಬೀಸುಕಲ್ಲಿನ ಗರಗರ ಕೇಳಿಸಿತು. ಆಮೇಲೆ ಎದ್ದ ದನಿ ದಾನೇಶ್ವರಿಯದು. ಅವ್ವ ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದಳಷ್ಟೆ. ಪ್ರಮಿಳಾ ಗಡಬಡಿಸಿ ಮುಂದಿನದನ್ನು ಒತ್ತಿದಳು, ಅದರ ಮುಂದಿನದನ್ನೂ. ಎಲ್ಲದರಲ್ಲೂ ಅದೇ. ಒಂದು ಕಡೆ ಅವ್ವ ನಗುತ್ತ, "ನಿಲ್ಲಬ್ಯಾಡ ದಾನವ್ವ, ನನಗ ಒಂದೂ ಪೂರ್ತಿ ಬರೂದಿಲ್ಲ. ನಮ್ಮ ಪಮ್ಮಿ ಇವನ್ನ ಕಲೀಲಿ" ಎಂದಳು.

ಪ್ರಮಿಳಾಗೆ ನಾಚಿಕೆಯಾಗಿ ಕಣ್ಣು ತುಂಬಿತು.

"ಎಲ್ಲಾ ನಿಮ್ಮವ ಅದಾವ ಕಾಕು. ಮತ್ತ ಅರ್ಧ ಅಂತ ಯಾಕ ಅಂದ್ರಿ?"

"ಅವತ್ತ ನಿಮ್ಮವ್ವ ಹೋಗಿದ್ಲು," ದಾನೇಶ್ವರಿ ಫೋನನ್ನು ಅವಳ ಕೈಗಿಟ್ಟಳು. "ಎಲ್ಲಾ ನನ್ನವು ಅಂತ ಯಾವ ಬಾಯಿಲೆ ಹೇಳ್ಲಿ ಮಗಾ?"